ಒತ್ತು ಕೂರುವ ಜಾಗ

ಮಾಟುಂಗದಲ್ಲಿರುವ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯ ಪುಟ ಜೋಡಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಒಂದು ವರ್ಷ, ಪರೀಕ್ಷೆಯಲ್ಲಿ ಮುಂದೆ ಬಂದ ಮಕ್ಕಳ ಫೋಟೊ ಪುಟಕ್ಕೆ ‘ರ‍್ಯಾಂಕ್ ಪಡೆದವರು’ ಎಂಬ ತಲೆಬರಹ ಬೇಕಿತ್ತು. ಟೈಪ್ ಮಾಡಿದೆ. ಪರದೆಯಲ್ಲಿ ಮೂಡಿದ್ದು ‘ರ್ಯಾಂಕ್’. ಮೊದಲಿಗೆ ಯಾ, ಅದರ ಬಲಕ್ಕೆ ಅರ್ಕಾವೊತ್ತು. ಕರಡು ತಿದ್ದಲು ಕುಳಿತಿದ್ದ ಹಿರಿಯರು ಪೆನ್ಸಿಲಿನಿಂದ ಅದಕ್ಕೊಂದು ಸುತ್ತು ಹಾಕಿದರು. ಅವರು ಗಿರ್ಗಾಂವ್‌ನ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು, ಊರು ಕುಂದಾಪುರದ ಕಡೆ.

“ಶಬ್ದದ ಸುರುವಿಗೇ ಅರ್ಕಾವೊತ್ತು ಬರ್ತದಾ ಮಾರಾಯ? ನಮ್ಮ ಕಾಲದಲ್ಲಿ ರ ಮೊಳೆ ಇಟ್ಟು, ಅದಕ್ಕೆ ಯ ಒತ್ತಿನ ಮೊಳೆ ಕೊಟ್ಟರೆ ಮುಗೀತು. ನಿನ್ನ ಕಂಪ್ಯೂಟರಿಗೆ ಅಷ್ಟೂ ಆಗುದಿಲ್ವಾ?”

ಆಗುತ್ತದೆ. ಹೇಗೆ ಎಂದು ಹುಡುಕುತ್ತ ಹೋದಾಗಲೇ, ದಿನವೂ ಬಳಸುವ ಫಾಂಟ್ ಎಂಬುದರೊಳಗೆ ಎಷ್ಟು ದೊಡ್ಡ ಕೆಲಸ ನಡೆಯುತ್ತಿದೆ ಎಂಬುದು ನನಗೆ ತಿಳಿದದ್ದು.

ಕೀಲಿ ಒತ್ತಿದಾಗ ಕಡತಕ್ಕೆ ಸೇರುವುದು ಅಕ್ಷರದ ಆಕಾರವಲ್ಲ, ಒಂದು ಸಂಖ್ಯೆ. ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಾದ ಮನೆಗಳು 128. ಅಲ್ಲಿ ಸ್ವರಗಳಿವೆ, ವ್ಯಂಜನಗಳಿವೆ, ಕಾಗುಣಿತದ ಚಿಹ್ನೆಗಳಿವೆ, ಸೊನ್ನೆ ವಿಸರ್ಗಗಳಿವೆ, ಕನ್ನಡ ಅಂಕೆಗಳಿವೆ. ಕ ಒತ್ತು, ತ ಒತ್ತು, ಯ ಒತ್ತು ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಒಂದು ವ್ಯಂಜನ, ಅದರ ಬೆನ್ನಿಗೆ ಸ್ವರ ಕಳೆಯುವ ಹಲಂತ ಚಿಹ್ನೆ, ಅದರ ಬೆನ್ನಿಗೆ ಇನ್ನೊಂದು ವ್ಯಂಜನ ಬಂದರೆ ಅದನ್ನು ಒತ್ತಕ್ಷರವೆಂದು ತಿಳಿಯಬೇಕು ಎಂಬುದಷ್ಟೇ ಒಪ್ಪಂದ. ಈ ಒಪ್ಪಂದ ಯುನಿಕೋಡಿಗಿಂತ ಹಳೆಯದು, ನಮ್ಮ ದೇಶದಲ್ಲೇ ಹುಟ್ಟಿದ್ದು. ಇಸ್ಕಿ ಎಂಬ ಭಾರತೀಯ ಸಂಕೇತ ಪದ್ಧತಿಯ 1988ರ ರೂಪವನ್ನು ಆಧಾರವಾಗಿಟ್ಟುಕೊಂಡೇ 1991ರಲ್ಲಿ ಯುನಿಕೋಡ್ ನಮ್ಮ ಲಿಪಿಗಳಿಗೆ ಜಾಗ ಮಾಡಿಕೊಟ್ಟಿತು. ಭಾರತೀಯ ಲಿಪಿಗಳನ್ನು ಸಾಮಾನ್ಯರ ಕಂಪ್ಯೂಟರಿಗೆ ತಂದ ಜಿಸ್ಟ್ ತಂತ್ರಜ್ಞಾನ ಕಾನ್ಪುರದ ಐಐಟಿಯಲ್ಲಿ ಮೊಳೆತು, ಇಲ್ಲೇ ಪಕ್ಕದ ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಯಿತು.

ಹಾಗಾದರೆ ಒತ್ತನ್ನು ಬರೆಯುವವರು ಯಾರು? ಇಬ್ಬರು ಸೇರಿ ಬರೆಯುತ್ತಾರೆ. ಒಬ್ಬರು ಲಿಪಿಯ ನಿಯಮ ಬಲ್ಲ ತಂತ್ರಾಂಶ. ವಿಂಡೋಸ್‌ನಲ್ಲಿ ಬಹುಕಾಲ ಈ ಕೆಲಸ ಮಾಡಿದ್ದು ಯೂನಿಸ್ಕ್ರೈಬ್. ವರ್ಡ್‌ನಂಥದ್ದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಮಾಡುವುದು ಹಾರ್ಫ್‌ಬಜ್. ಇನ್ನೊಬ್ಬರು ಫಾಂಟ್. ಮೈಕ್ರೋಸಾಫ್ಟ್ ಮತ್ತು ಅಡೋಬಿ 1996ರಲ್ಲಿ ಒಟ್ಟಾಗಿ ಪ್ರಕಟಿಸಿದ ಓಪನ್‌ಟೈಪ್ ಎಂಬ ವಿಧಾನದಲ್ಲಿ, ಫಾಂಟ್ ಬರೀ ಚಿತ್ರಗಳ ಪೆಟ್ಟಿಗೆಯಲ್ಲ. ಯಾವ ಸಂದರ್ಭದಲ್ಲಿ ಯಾವ ಆಕಾರದ ಬದಲು ಯಾವುದನ್ನು ಇಡಬೇಕು ಎಂದು ಹೇಳುವ ಒಂದು ಕೋಷ್ಟಕ, ಇಟ್ಟದ್ದನ್ನು ಎಷ್ಟು ಸರಿಸಬೇಕು ಎಂದು ಹೇಳುವ ಇನ್ನೊಂದು ಕೋಷ್ಟಕ ಅದರೊಳಗೇ ಇರುತ್ತವೆ.

‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡಿ. ಕಡತದಲ್ಲಿ ಅದು ಆರು ಸಂಖ್ಯೆ: ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ಬಾಯಿಯಲ್ಲಿ ಹೇಳುವಾಗ ಈಕಾರ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಬರೆಯುವಾಗ ಆ ಈಕಾರದ ಗುಡಿಸು ಎಲ್ಲಕ್ಕಿಂತ ಮೊದಲಿರುವ ಸಕಾರದ ತಲೆಗೆ ಹೋಗಿ ಕೂರಬೇಕು, ತ ಮತ್ತು ರ ಕೆಳಗಿಳಿದು ಒತ್ತುಗಳಾಗಬೇಕು, ದೀರ್ಘ ಮಾತ್ರ ಬಲತುದಿಯಲ್ಲಿ ಉಳಿಯಬೇಕು. ‘ತರ್ಕ’ದಲ್ಲಿ ಇದರ ತಿರುವುಮುರುವು. ಕಿವಿಗೆ ಮೊದಲು ಬೀಳುವ ರಕಾರ ಕಣ್ಣಿಗೆ ಕಕಾರದ ನಂತರ ಅರ್ಕಾವೊತ್ತಾಗಿ ಕಾಣುತ್ತದೆ. ತಂತ್ರಾಂಶ ಸಂಖ್ಯೆಗಳ ಸಾಲನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿ, ಮುಖ್ಯ ವ್ಯಂಜನ ಯಾವುದೆಂದು ಗುರುತಿಸಿ, ಸ್ಥಾನಪಲ್ಲಟ ಮಾಡಿ, ಫಾಂಟಿನ ಕೋಷ್ಟಕಗಳನ್ನು ಒಂದರ ನಂತರ ಒಂದರಂತೆ ಕೇಳುತ್ತ ಹೋಗುತ್ತದೆ. ಒಂದನೇ ಕ್ಲಾಸಿನ ಮಗು ತಿಂಗಳುಗಟ್ಟಲೆ ಕಲಿಯುವ ಕಾಗುಣಿತ ಮತ್ತು ಒತ್ತಕ್ಷರಗಳೆಲ್ಲ ಇಲ್ಲಿ ಪ್ರತಿ ಕೀಲಿಗೂ ಮತ್ತೆ ಮೊದಲಿಂದ ನಡೆಯುತ್ತವೆ.

ಓಪನ್‌ಟೈಪ್‌ನ ಪ್ರತಿ ನಿಯಮಕ್ಕೂ ನಾಲ್ಕಕ್ಷರದ ಒಂದು ಗುರುತು, ಒಂದು ಹೆಸರು ಇದೆ. ಆ ಪಟ್ಟಿಯನ್ನು ಓದುತ್ತಿದ್ದಾಗ ಇಂಗ್ಲಿಷ್ ಹೆಸರುಗಳ ನಡುವೆ ಅಖಂಡ್, ನುಕ್ತಾ, ರೇಫ್, ಹಲಂತ್ ಎಂಬ ಹೆಸರುಗಳು ಸಿಕ್ಕವು. ನಮ್ಮ ಒತ್ತನ್ನು ನೆನಪಿಸುವ ‘ವತ್ತು’ ಎಂಬುದೂ ಇತ್ತು. ಕ್ಷ, ಜ್ಞಗಳಂತೆ ಒಡೆಯದೆ ಒಂದಾಗಿ ನಿಲ್ಲುವ ಅಕ್ಷರಗಳಿಗಾಗಿ ಇರುವುದು ಅಖಂಡ್. ಜಗತ್ತಿನ ಯಾವ ಮೂಲೆಯಲ್ಲಿ ಕನ್ನಡ ಫಾಂಟ್ ಮಾಡುವವರೂ ಈ ಪದಗಳನ್ನು ಬಳಸಬೇಕು. ಅದನ್ನು ಕಂಡಾಗ ನನಗಾದ ಸಂತೋಷ ದೊಡ್ಡದು.

ಮುಂಬೈಯವರಿಗೆ ಇನ್ನೂ ಹತ್ತಿರದ ಒಂದು ವಿಷಯವಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’ ಫಾಂಟಿನಲ್ಲಿ ಲಕ್ಷಾಂತರ ಜನ ಕಂಪ್ಯೂಟರಿನಲ್ಲಿ ಕನ್ನಡ ಓದಿದ್ದಾರೆ. ಶೃಂಗೇರಿಯಲ್ಲಿ ಹರಿಯುವ ಹೊಳೆಯ ಹೆಸರಿನ ಆ ಫಾಂಟ್ ರೂಪುಗೊಂಡದ್ದು ಈ ಊರಲ್ಲಿ, ಜುಹುವಿನ ರಾಷ್ಟ್ರೀಯ ತಂತ್ರಾಂಶ ಕೇಂದ್ರದಲ್ಲಿ, ಆರ್.ಕೆ. ಜೋಶಿಯವರ ನಿರ್ದೇಶನದಲ್ಲಿ. ದೇವನಾಗರಿಯ ‘ಮಂಗಲ್’, ತಮಿಳಿನ ‘ಲತಾ’, ತೆಲುಗಿನ ‘ಗೌತಮಿ’ಗಳ ಹಿಂದಿದ್ದವರೂ ಅವರೇ. ರಘುನಾಥ ಕೃಷ್ಣ ಜೋಶಿ (1936–2008) ಕವಿ, ಸುಂದರ ಬರಹದ ಕಲಾವಿದ, ಪೊವೈ ಐಐಟಿಯಲ್ಲಿ ಪಾಠ ಹೇಳಿದ ಮೇಷ್ಟ್ರು. ಆ ಕೇಂದ್ರ ಮುಂದೆ ಸಿ-ಡ್ಯಾಕ್‌ನೊಂದಿಗೆ ವಿಲೀನವಾಯಿತು. ಇದೇ ಊರಿನ ಏಕ್ ಟೈಪ್ ಎಂಬ ಗುಂಪು 2022ರಲ್ಲಿ ‘ಅನೇಕ್’ ಎಂಬ ಫಾಂಟ್ ಕುಟುಂಬವನ್ನು ಉಚಿತವಾಗಿ ಕೊಟ್ಟಿತು. ಅದರ ಕನ್ನಡ ಫಾಂಟಿನಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ರೇಡಿಯೊದ ತಿರುಗಣೆ ತಿರುಗಿಸಿದಂತೆ ಮೆಲ್ಲಗೆ ಹೆಚ್ಚಿಸಬಹುದು, ತಗ್ಗಿಸಬಹುದು.

ಈಗ ವರ್ಡ್ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿ, ‘ಅಡ್ವಾನ್ಸ್‌ಡ್’ ಎಂಬ ಹಾಳೆಗೆ ಹೋಗಿ. 2010ರ ಆವೃತ್ತಿಯಿಂದ ಅಲ್ಲಿ ಲಿಗೇಚರ್, ಅಂಕೆಗಳ ಅಂತರ, ಅಂಕೆಗಳ ರೂಪ, ಅಲಂಕಾರದ ಇಪ್ಪತ್ತು ಕಟ್ಟುಗಳು ಎಂದೆಲ್ಲ ಆಯ್ಕೆಗಳಿವೆ. ಲಿಬ್ರೆಆಫೀಸ್‌ನಲ್ಲಿ ಫಾಂಟ್ ಹೆಸರಿನ ಬಳಿಯೇ ‘ಫೀಚರ್ಸ್’ ಎಂಬ ಗುಂಡಿ ಇದೆ. ಲಿಗೇಚರ್ ಎಂದರೆ ಎರಡು ಅಕ್ಷರ ಕೂಡಿ ಒಂದಾಗುವುದು. ಇಂಗ್ಲಿಷಿನ ಎಫ್ ಪಕ್ಕ ಐ ಬಂದರೆ, ಎಫ್‌ನ ಬಾಗಿದ ತುದಿ ಐ ಮೇಲಿನ ಚುಕ್ಕೆಗೆ ತಾಗುತ್ತದೆ. ಎರಡನ್ನೂ ಬೆಸೆದ ಆಕಾರವೊಂದನ್ನು ಇಟ್ಟರೆ ಕಣ್ಣಿಗೆ ಹಿತ. ವರ್ಡ್‌ನಲ್ಲಿ ಬಹುಕಾಲ ಇದು ತಾನಾಗಿ ಚಾಲೂ ಆಗಿರುತ್ತಿರಲಿಲ್ಲ, ನಾವೇ ಆರಿಸಿಕೊಳ್ಳಬೇಕಿತ್ತು.

ಅಲ್ಲಿ ಲಿಗೇಚರ್ ಬೇಡವೆಂದು ಇಟ್ಟರೂ ಕನ್ನಡದ ಒತ್ತುಗಳು ಮಾಯವಾಗುವುದಿಲ್ಲ. ಇಂಗ್ಲಿಷಿಗೆ ಒಡವೆಯಾಗಿರುವ ಯಂತ್ರವೇ ಕನ್ನಡಕ್ಕೆ ಬೆನ್ನೆಲುಬು. ಅದನ್ನು ಕಿತ್ತುಹಾಕಿದರೆ ಇಂಗ್ಲಿಷ್ ಪುಟ ಸ್ವಲ್ಪ ಸಪ್ಪೆಯಾಗುತ್ತದೆ, ಕನ್ನಡ ಪುಟ ಓದಲಿಕ್ಕೇ ಆಗುವುದಿಲ್ಲ. ಹಾಗಾಗಿ ‘ಮುಂದುವರಿದ ಸೌಲಭ್ಯ’ ಎಂಬ ಹೆಸರು ನಮ್ಮ ಮಟ್ಟಿಗೆ ಸರಿಯಲ್ಲ. ಈ ಯಂತ್ರದ ತಿಳಿವಳಿಕೆ ಕನ್ನಡ ಟೈಪ್ ಮಾಡುವ ಪ್ರತಿಯೊಬ್ಬರಿಗೂ ಬೇಕು. ಸಂಘದ ಪತ್ರ ಬರೆಯುವ ಕಾರ್ಯದರ್ಶಿಗೂ, ರಾತ್ರಿ ಶಾಲೆಯ ಪ್ರಶ್ನೆಪತ್ರಿಕೆ ಮಾಡುವ ಟೀಚರಿಗೂ ಬೇಕು.

ರ‍್ಯಾಂಕಿಗೆ ಬರೋಣ. ರ, ಹಲಂತ, ಯ ಎಂಬ ಸಾಲು ಕಂಡರೆ ತಂತ್ರಾಂಶಕ್ಕೆ ಅರ್ಕಾವೊತ್ತು ಎಂದೇ ಅರ್ಥ. ‘ಸೂರ್ಯ’, ‘ಕಾರ್ಯ’ಗಳಿಗೆ ಅದು ಸರಿ. ಬೇಡವಾದಾಗ, ರಕಾರ ಮತ್ತು ಹಲಂತದ ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇಡಬೇಕು. ಅದರ ಹೆಸರು ಝೀರೊ ವಿಡ್ತ್ ಜಾಯ್ನರ್. ಅದು ನಡುವೆ ಇದ್ದರೆ ರಕಾರ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ಯಕಾರ ಅದರ ಅಡಿಗೆ ಒತ್ತಾಗಿ ಬರುತ್ತದೆ. ವರ್ಡ್‌ನಲ್ಲಿ ರ ಟೈಪ್ ಮಾಡಿ, ಇಂಗ್ಲಿಷಿನಲ್ಲಿ 200ಡಿ ಎಂದು ಬರೆದು, ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಚಿಹ್ನೆ ಸೇರುತ್ತದೆ. ಆಮೇಲೆ ಹಲಂತ, ಯ.

ನೆರೆಯ ಮರಾಠಿಗರಿಗೆ ಈ ಪ್ರಶ್ನೆ ನಮಗಿಂತ ಗಂಭೀರ. ಮರಾಠಿಯಲ್ಲಿ ಆಚಾರ್ಯ ಎಂದರೆ ಗುರು, ಆಚಾರಿ ಎಂದರೆ ಅಡುಗೆಯವರು. ಗುರುವಿಗೆ ಎನ್ನಲು ‘ಆಚಾರ್ಯಾಲಾ’, ಅಡುಗೆಯವರಿಗೆ ಎನ್ನಲು ‘ಆಚಾರ‍್ಯಾಲಾ’. ಮೊದಲನೆಯದರಲ್ಲಿ ರಕಾರ ಯಕಾರದ ನೆತ್ತಿಯ ಮೇಲೆ ಕೊಕ್ಕೆಯಾಗಿ ನಿಲ್ಲುತ್ತದೆ. ಎರಡನೆಯದರಲ್ಲಿ ಯಕಾರದ ಮುಂದೆ ರೆಪ್ಪೆಗೂದಲಿನಂಥ ಸಣ್ಣ ಬಾಗುಗೆರೆಯಾಗುತ್ತದೆ. ಆಕಾರ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಕನ್ನಡದಲ್ಲಿ ಎರಡು ಬಗೆಯಲ್ಲಿ ಬರೆದರೂ ಉಚ್ಚಾರ ಒಂದೇ, ಕೆಡುವುದು ಓದಿನ ಓಟ. ಹಾಗೆಂದು ಬಿಟ್ಟುಬಿಡಬಹುದು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ.

ಈ ಚಿಹ್ನೆಗೆ ಒಂದು ಜೋಡಿಯಿದೆ, ನಾನ್ ಜಾಯ್ನರ್. ಅದರ ಸಂಖ್ಯೆ 200ಸಿ. ಮುಂಬೈ ಕನ್ನಡಿಗರಿಗೆ ದಿನಕ್ಕೆ ಹತ್ತು ಸಲ ಬೇಕಾಗುವುದು ಇದೇ. ‘ದಾದರ್‌ನಲ್ಲಿ’ ಎಂದು ಬರೆಯಬೇಕಾದಲ್ಲಿ ಇದನ್ನು ಬಿಟ್ಟರೆ ‘ದಾದರ್ನಲ್ಲಿ’ ಆಗುತ್ತದೆ, ‘ಘಾಟ್‌ಕೋಪರ್’ ಹೋಗಿ ‘ಘಾಟ್ಕೋಪರ್’ ಆಗುತ್ತದೆ. ಹಲಂತದ ನಂತರ ಇದನ್ನಿಟ್ಟರೆ ಮುಂದಿನ ವ್ಯಂಜನ ಒತ್ತಾಗಿ ಇಳಿಯುವುದಿಲ್ಲ. ಎರಡು ಪದಗಳ ನಡುವೆ ಖಾಲಿ ಜಾಗ ಬಿಟ್ಟು ಬರೆಯುವುದು ಸುಲಭವೆಂದು ಹಲವರು ಹಾಗೆ ಮಾಡುತ್ತಾರೆ. ಆಗ ಸಾಲಿನ ಕೊನೆಯಲ್ಲಿ ‘ದಾದರ್’ ಮೇಲುಳಿದು ‘ನಲ್ಲಿ’ ಕೆಳಗಿನ ಸಾಲಿಗೆ ಬೀಳುತ್ತದೆ.

ಪುಟ ಜೋಡಿಸುವವರಿಗೆ ಇನ್ನೊಂದು ಸಂಕಟ ಸಾಲುಗಳ ಅಂತರದ್ದು. 12 ಪಾಯಿಂಟ್ ಎಂದರೆ ಸುಮಾರು 4.2 ಮಿಲಿಮೀಟರ್. ಆದರೆ ಅದು ಅಕ್ಷರದ ಎತ್ತರವಲ್ಲ, ಅಕ್ಷರ ಕೂರುವ ಚೌಕದ ಎತ್ತರ. ಮೊಳೆಯ ಕಾಲದಲ್ಲಿ ಸೀಸದ ತುಂಡಿನ ಅಳತೆ ಇತ್ತಲ್ಲ, ಅದೇ ಇಂದಿಗೂ ಉಳಿದಿದೆ. ‘ಸ್ವಾತಂತ್ರ್ಯ’ದ ಕೊನೆಯಲ್ಲಿ ತಕಾರಕ್ಕೆ ಎರಡೆರಡು ಒತ್ತು, ‘ರಾಷ್ಟ್ರೀಯ’ದಲ್ಲಿ ಮೇಲೆ ಗುಡಿಸು, ಅಡಿಗೆ ಎರಡು ಒತ್ತು. ಇಂಥವಕ್ಕೂ ಜಾಗ ಕಾದಿಡಬೇಕಾದ್ದರಿಂದ ಫಾಂಟ್ ವಿನ್ಯಾಸಕರು ಮೂಲ ಅಕ್ಷರವನ್ನು ತುಸು ಚಿಕ್ಕದಾಗಿ ಬರೆಯುತ್ತಾರೆ. ಒಂದೇ ಅಳತೆಯಲ್ಲಿ ಕನ್ನಡದ ಪಕ್ಕ ಇಂಗ್ಲಿಷ್ ಪದ ಎದ್ದು ಕಾಣಲು ಇದೂ ಒಂದು ಕಾರಣ. ಪುಟ ಉಳಿಸಲೆಂದು ಸಾಲಿನ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದು ಬಿಗಿದರೆ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ. ‘ಅಟ್ ಲೀಸ್ಟ್’ ಎಂದಿಟ್ಟರೆ ಬೇಕಾದಲ್ಲಿ ಸಾಲು ತಾನೇ ಹಿಗ್ಗುತ್ತದೆ.

ಫಾಂಟ್ ಬದಲಿಸಿದರೂ ಕನ್ನಡ ಬದಲಾಗಲಿಲ್ಲ ಎಂಬ ದೂರಿಗೂ ಕಾರಣವಿದೆ. ವರ್ಡ್ ಮತ್ತು ಲಿಬ್ರೆಆಫೀಸ್ ಎರಡೂ ಕನ್ನಡವನ್ನು ‘ಕಾಂಪ್ಲೆಕ್ಸ್’ ಲಿಪಿಗಳ ಗುಂಪಿಗೆ ಸೇರಿಸಿ, ಅದಕ್ಕೆ ಬೇರೆ ಫಾಂಟ್, ಬೇರೆ ಅಳತೆ ಇಟ್ಟಿರುತ್ತವೆ. ಆ ಎರಡನೆಯ ಪೆಟ್ಟಿಗೆಯನ್ನೂ ಬದಲಿಸಬೇಕು.

ದೇಣಿಗೆದಾರರ ಪಟ್ಟಿಯ ಪುಟಕ್ಕೆ ಮಾತ್ರ ‘ಅಡ್ವಾನ್ಸ್‌ಡ್’ ಹಾಳೆ ನನಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೆಲವು ಫಾಂಟುಗಳಲ್ಲಿ 1 ಸಪೂರ, 8 ಅಗಲ. ಓದುವ ಸಾಲಿನಲ್ಲಿ ಇದು ಚೆಂದ. ಮೊತ್ತಗಳನ್ನು ಒಂದರ ಕೆಳಗೊಂದು ಬರೆದರೆ ಬಿಡಿ ಬಿಡಿಯ ಕೆಳಗೆ, ಹತ್ತು ಹತ್ತರ ಕೆಳಗೆ ಬರುವುದಿಲ್ಲ. ಅಂಕೆಗಳ ಅಂತರದಲ್ಲಿ ‘ಟ್ಯಾಬ್ಯುಲರ್’ ಆರಿಸಿದರೆ ಎಲ್ಲ ಅಂಕೆಗಳಿಗೂ ಒಂದೇ ಅಗಲ ಸಿಗುತ್ತದೆ. ಮೊತ್ತದ ಮುಂದಿನ ₹ ಚಿಹ್ನೆಯೂ ಪೊವೈಯದ್ದೇ. ಐಐಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಉದಯ ಕುಮಾರ್ ಅವರ ವಿನ್ಯಾಸವನ್ನು ಸರ್ಕಾರ 2010ರ ಜುಲೈ 15ರಂದು ಒಪ್ಪಿತು, ಅದೇ ವರ್ಷ ಯುನಿಕೋಡಿನಲ್ಲಿ ಅದಕ್ಕೆ ಮನೆ ಸಿಕ್ಕಿತು. ಅದಕ್ಕೆ ಮೊದಲಿನ ಫಾಂಟುಗಳಲ್ಲಿ ಆ ಆಕಾರ ಇಲ್ಲ.

ಅಚ್ಚಿಗೆ ಕಳಿಸುವುದು ಪಿಡಿಎಫ್. ಅದರಲ್ಲಿ ಉಳಿಯುವುದು ಮುಖ್ಯವಾಗಿ ಯಾವ ಆಕಾರ ಎಲ್ಲಿ ಎಂಬ ಲೆಕ್ಕ, ಆದ್ದರಿಂದ ಮುಂದೆ ಯಾರಾದರೂ ಅದರಿಂದ ಕನ್ನಡ ನಕಲು ಮಾಡಿದರೆ ಒತ್ತು, ಗುಡಿಸುಗಳು ಎಲ್ಲೆಲ್ಲೋ ಚೆಲ್ಲಾಡುವುದುಂಟು. ಹೀಗಾಗಿ ಮೂಲ ಕಡತವನ್ನೂ ಜೋಪಾನ ಮಾಡುತ್ತೇವೆ. 1990ರ ದಶಕದ ನಮ್ಮ ಸಂಚಿಕೆಗಳಿಗೆ ಆ ಭಾಗ್ಯವಿಲ್ಲ. ಆಗಿನ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಣುಕುಗಳನ್ನು ತುಂಬಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಕನ್ನಡದ ಸುಳಿವೇ ಇರುವುದಿಲ್ಲ. ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶ ಬಹುಪಾಲು ಉಳಿಸಿಕೊಡುತ್ತದೆ, ರ‍್ಯಾಂಕ್, ರ‍್ಯಾಲಿಗಳನ್ನು ಮಾತ್ರ ಕೈಯಾರೆ ತಿದ್ದಬೇಕು. ಭಾನುವಾರ ಬೆಳಿಗ್ಗೆ ಹಿರಿಯರು ಹಳೆಯ ಸಂಚಿಕೆ ಹಿಡಿದು ಗಟ್ಟಿಯಾಗಿ ಓದುತ್ತಾರೆ, ನಾನು ಪರದೆ ನೋಡುತ್ತೇನೆ. ಒತ್ತು ಬಂದಲ್ಲೆಲ್ಲ ಅವರು ಒಂದು ಕ್ಷಣ ನಿಲ್ಲುತ್ತಾರೆ.