ಡಾನ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಮೂರು ವರ್ಷ ಯಾಕೆ ಆಡಲಿಲ್ಲ?

ಅಮೆರಿಕದ ಕಾಲೇಜು ಆಟಗಾರರಿಗೆ ಈಗ ಕಾಲೇಜೇ ನೇರವಾಗಿ ದುಡ್ಡು ಕೊಡಬಹುದು. 2025ರ ಜುಲೈಯಿಂದ ಜಾರಿಗೆ ಬಂದ ಕೋರ್ಟ್ ಒಪ್ಪಂದದ ಪ್ರಕಾರ ಒಂದು ಕಾಲೇಜು ತನ್ನ ಎಲ್ಲ ತಂಡಗಳಿಗೂ ಸೇರಿಸಿ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಹಂಚಬಹುದು. ಯಾರಿಗೆ ಎಷ್ಟು, ಯಾವ ಲೆಕ್ಕದಲ್ಲಿ, ಯಾರು ಯಾವ ಕಾಲೇಜಿಗೆ ಹಾರಿದರು ಅನ್ನೋದು ದಿನಾ ಕ್ರೀಡಾಪುಟ ಓದುವವರಿಗೂ ಗೋಜಲು. ಅದನ್ನು ಬಿಡಿಸಿಕೊಳ್ಳಲು ಒಂದೇ ತಂಡದ ಕಥೆ ಹಿಡಿದುಕೊಂಡರೆ ಸುಲಭ. ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ, ಹೆಸರು ಡಾನ್ಸ್ (Dons, ಕುಣಿತದ ಡಾನ್ಸ್ ಅಲ್ಲ). 1982ರಲ್ಲಿ ಅಲ್ಲಿನ ಒಬ್ಬ ಆಟಗಾರನಿಗೆ ತಿಂಗಳಿಗೆ 1,000 ಡಾಲರ್ ಸಿಗುತ್ತಿದ್ದ ವಿಷಯ ಹೊರಗೆ ಬಂತು. ಕಾಲೇಜು ತಂಡವನ್ನೇ ಮುಚ್ಚಿತು.

ಇದು ಜೆಸ್ವಿಟ್ ಪಾದ್ರಿಗಳು 1855ರಲ್ಲಿ ಕಟ್ಟಿದ ಸಂಸ್ಥೆ. ಮಂಗಳೂರಿನ ಸೇಂಟ್ ಅಲೋಶಿಯಸ್ ನಡೆಸುವವರೂ ಇದೇ ಜೆಸ್ವಿಟರು. ದೊಡ್ಡ ಕಾಲೇಜೇನಲ್ಲ. 1949ರಲ್ಲಿ ಕೋಚ್ ಪೀಟ್ ನ್ಯೂವೆಲ್ ಕೈಯಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಆ ಕಾಲದ ದೊಡ್ಡ ರಾಷ್ಟ್ರೀಯ ಟೂರ್ನಿ ಎನ್‌ಐಟಿ ಗೆದ್ದಾಗ ಹೊರಗಿನವರಿಗೆ ಹೆಸರು ಗೊತ್ತಾಯಿತು. ಮರುವರ್ಷ ನ್ಯೂವೆಲ್ ಬೇರೆ ಯೂನಿವರ್ಸಿಟಿಗೆ ಹೋದರು, ಫಿಲ್ ವೂಲ್ಪರ್ಟ್ ಬಂದರು. 1951ರಲ್ಲಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಒಂದೂ ಪಂದ್ಯ ಸೋಲಲಿಲ್ಲ. ಆದರೂ ಸೀಸನ್ ಮುಗಿದ ಮೇಲೆ ನಡೆಯುವ ದೊಡ್ಡ ಪಂದ್ಯಗಳಿಗೆ ಕರೆ ಬರಲಿಲ್ಲ. ತಂಡದಲ್ಲಿದ್ದ ಇಬ್ಬರು ಕಪ್ಪು ಆಟಗಾರರನ್ನು ಬಿಟ್ಟು ಹೋಗಲು ಹುಡುಗರು ಒಪ್ಪದಿದ್ದದ್ದೇ ಅದಕ್ಕೆ ಕಾರಣ ಅನ್ನೋದು ಇವತ್ತಿಗೂ ಎಲ್ಲರೂ ಹೇಳುವ ಮಾತು. ಆ ಸೀಸನ್ ಮುಗಿಯುತ್ತಿದ್ದಂತೆ, ನಡೆಸಲು ದುಡ್ಡು ಸಾಲದೆ, ಫುಟ್‌ಬಾಲನ್ನೇ ನಿಲ್ಲಿಸಿದರು. ತಂಡ ಮುಚ್ಚುವುದು ಈ ಕಾಲೇಜಿಗೆ ಹೊಸದಲ್ಲ, ಅಲ್ವಾ?

ಉಳಿದದ್ದು ಬ್ಯಾಸ್ಕೆಟ್‌ಬಾಲ್. ಅದಕ್ಕೆ ಸ್ವಂತ ಜಿಮ್ ಕೂಡ ಇರಲಿಲ್ಲ. ಪಕ್ಕದ ಹೈಸ್ಕೂಲಿನ ಜಿಮ್‌ನಲ್ಲಿ ಪ್ರಾಕ್ಟೀಸ್, ಊರಿನ ಬೇರೆ ಬೇರೆ ಕಡೆ ಪಂದ್ಯ. ಮನೆಯಿಲ್ಲದ ಡಾನ್ಸ್ ಅಂತಲೇ ಕರೆಯುತ್ತಿದ್ದರು. ಅಲ್ಲಿಗೆ ಓಕ್ಲೆಂಡಿನಿಂದ ಬಂದವರು, ಮುಂದೆ ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಹೆಸರಾದ ಬಿಲ್ ರಸೆಲ್. ಹೈಸ್ಕೂಲಿನಲ್ಲಿ ಅವರು ಅಂಥ ಸ್ಟಾರ್ ಏನಾಗಿರಲಿಲ್ಲ. ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದದ್ದು ಈ ಕಾಲೇಜೊಂದೇ. ಜೊತೆಗೆ ಕೆ.ಸಿ. ಜೋನ್ಸ್, ಹಾಲ್ ಪೆರಿ. ಮೂವರೂ ಕಪ್ಪು ಆಟಗಾರರು, ಮೂವರೂ ಮೊದಲ ಐವರಲ್ಲಿ. ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ.

1954ರ ಡಿಸೆಂಬರ್‌ನಲ್ಲಿ ಟೂರ್ನಿ ಆಡಲು ಒಕ್ಲಹೋಮ ಸಿಟಿಗೆ ಹೋದಾಗ ಹೋಟೆಲಿನವರು ಕಪ್ಪು ಆಟಗಾರರಿಗೆ ರೂಮು ಇಲ್ಲ ಅಂದರು. ಬಿಳಿಯರು ಹೋಟೆಲಿನಲ್ಲಿ ಮಲಗಬಹುದಿತ್ತು. ಆದರೆ ಇಡೀ ತಂಡ ರಜೆಗೆ ಖಾಲಿ ಬಿದ್ದಿದ್ದ ಒಂದು ಕಾಲೇಜು ಹಾಸ್ಟೆಲಿಗೆ ಹೋಗಿ ಮಲಗಿತು. ಟೂರ್ನಿಯನ್ನೂ ಗೆದ್ದುಕೊಂಡು ಬಂತು.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಆ ಸೀಸನ್ನಿನ ಅದರ ರಾಷ್ಟ್ರೀಯ ಟೂರ್ನಿಯ ಫೈನಲ್ ಕಾನ್ಸಾಸ್ ಸಿಟಿಯಲ್ಲಿ. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಲಾ ಸಾಲ್, ಅವರ ಸ್ಟಾರ್ ಟಾಮ್ ಗೋಲಾ. ಗೋಲಾ ಅವರನ್ನು ರಸೆಲ್ ಹಿಡಿಯುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ವೂಲ್ಪರ್ಟ್ ಆ ಕೆಲಸವನ್ನು ಎತ್ತರದಲ್ಲಿ ಗೋಲಾಗಿಂತ ಕಡಿಮೆಯಿದ್ದ ಜೋನ್ಸ್‌ಗೆ ಕೊಟ್ಟು, ರಸೆಲ್ ಅವರನ್ನು ಬುಟ್ಟಿ ಹತ್ತಿರವೇ ನಿಲ್ಲಿಸಿದರು. ಜೋನ್ಸ್ ಗೋಲಾ ಅವರನ್ನೂ ಕಟ್ಟಿಹಾಕಿದರು, ತಾವೂ 24 ಪಾಯಿಂಟ್ ಹೊಡೆದರು. ಸ್ಕೋರ್ 77-63. ಮುಂದಿನ ಸೀಸನ್ನಿನಲ್ಲಿ 29 ಪಂದ್ಯ ಆಡಿ 29ನ್ನೂ ಗೆದ್ದರು. ಸತತ ಗೆಲುವಿನ ಸರಣಿ 60ಕ್ಕೆ ಹೋಗಿ ನಿಂತಿತು. ದಾಳಿ ಮಾಡುವ ಆಟಗಾರ ಹೆಚ್ಚು ಹೊತ್ತು ನಿಲ್ಲುವಂತಿಲ್ಲದ, ಬುಟ್ಟಿಯ ಮುಂದಿನ ಲೇನನ್ನು 6 ಅಡಿಯಿಂದ 12 ಅಡಿಗೆ ಅಗಲ ಮಾಡಿದ್ದು ರಸೆಲ್ ಅವರಿಂದಾಗಿಯೇ ಅಂತ ಈಗಲೂ ಹೇಳುತ್ತಾರೆ.

ಈ ಗೆಲುವುಗಳ ಹುರುಪಿನಲ್ಲಿ ಊರವರು ಚಂದಾ ಹಾಕಿದರು, ಕಾಲೇಜಿಗೆ ಕೊನೆಗೂ ಜಿಮ್ ಬಂತು. ವಾರ್ ಮೆಮೋರಿಯಲ್ ಜಿಮ್, 1958. ಅಷ್ಟರಲ್ಲಿ ರಸೆಲ್ ಓದು ಮುಗಿಸಿ ಹೋಗಿದ್ದರು. ಆಡಿದವರಿಗೆ ಸಿಕ್ಕಿದ್ದು ಫೀಸು, ಊಟ, ಹಾಸ್ಟೆಲು. ಅದಕ್ಕಿಂತ ಒಂದು ಡಾಲರ್ ಜಾಸ್ತಿ ಆದರೂ ನಿಯಮದ ಪ್ರಕಾರ ತಪ್ಪು. 'ಸ್ಟೂಡೆಂಟ್-ಅಥ್ಲೀಟ್' ಅನ್ನೋ ಪದ ಹುಟ್ಟಿದ್ದೂ ಅದೇ 1950ರ ದಶಕದಲ್ಲಿ. ಕೇಳಲು ಚೆಂದ. ಆದರೆ ಅದನ್ನು ಮುಂದಿಟ್ಟದ್ದು, ಆಡುವಾಗ ಪೆಟ್ಟು ಬಿದ್ದವರು ನಾವೂ ನೌಕರರು, ಪರಿಹಾರ ಕೊಡಿ ಅಂತ ಕೇಳದಿರಲಿ ಅಂತ. ಅಂದಿನ ಎನ್‌ಸಿಎಎ ಮುಖ್ಯಸ್ಥ ವಾಲ್ಟರ್ ಬಯರ್ಸ್ ಇದನ್ನು ನಿವೃತ್ತಿಯ ನಂತರ ತಾವೇ ಬರೆದರು.

ಮುಂದಿನ ಇಪ್ಪತ್ತು ವರ್ಷವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಎನ್‌ಸಿಎಎ ಟೂರ್ನಿಗೆ ಹೋಗುವುದು, ಹೆಚ್ಚಿನ ಸಲ ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಯುಸಿಎಲ್‌ಎ ಎದುರು ಸೋತು ಮನೆಗೆ ಬರುವುದು.

1976-77ರಲ್ಲಿ ಹಳೆ ವೈಭವ ವಾಪಸ್ ಬಂದ ಹಾಗಿತ್ತು. ಬಿಲ್ ಕಾರ್ಟ್‌ರೈಟ್ ಇದ್ದ ತಂಡ ಮೊದಲ 29 ಪಂದ್ಯ ಗೆದ್ದು ದೇಶಕ್ಕೇ ನಂಬರ್ 1 ಆಯಿತು. 30ನೆಯದು ನೋಟರ್ ಡೇಮ್ ಯೂನಿವರ್ಸಿಟಿಯ ಅಂಗಳದಲ್ಲಿ. ಅಲ್ಲಿನ ವಿದ್ಯಾರ್ಥಿಗಳು ಒಂದೇ ಸಮನೆ 'ಇಪ್ಪತ್ತೊಂಬತ್ತು, ಒಂದು' ಅಂತ ಕೂಗಿದರು. 29 ಗೆಲುವು, 1 ಸೋಲು. ಹಾಗೇ ಆಯಿತು, 93-82. ಅದರ ಬೆನ್ನಿಗೇ ಎನ್‌ಸಿಎಎ ಟೂರ್ನಿಯ ಮೊದಲ ಪಂದ್ಯದಲ್ಲೇ ನೆವಾಡಾದ ಲಾಸ್ ವೇಗಸ್ ತಂಡ 121-95ರಿಂದ ಚಚ್ಚಿ ಕಳಿಸಿತು.

ಅಂಥ ತಂಡ ಕಟ್ಟಬೇಕಾದರೆ ಒಳ್ಳೆ ಹುಡುಗರನ್ನು ಹಿಡಿದು ತರಬೇಕು. ಸಣ್ಣ ಕಾಲೇಜು ಅದನ್ನು ಹೇಗೆ ಮಾಡುತ್ತದೆ? ಹಿಂದೆ ನಿಂತ ಶ್ರೀಮಂತ ಅಭಿಮಾನಿಗಳಿಂದ. ಕಾಲೇಜಿನ ಕೈಗೆ ಸಿಗದ, ಕಾಲೇಜಿಗೆ ಬೇಕೂ ಆದ ಜನ. ನಿಯಮ ಮುರಿದದ್ದಕ್ಕೆ ಕೆಲವೇ ವರ್ಷಗಳಲ್ಲಿ ಎನ್‌ಸಿಎಎ ಎರಡು ಸಲ ತಂಡವನ್ನು ಪ್ರೊಬೇಷನ್‌ನಲ್ಲಿ, ಅಂದರೆ ಶಿಕ್ಷೆಯ ನಿಗಾದಲ್ಲಿ, ಇಟ್ಟಿತು. ಕೋಚ್‌ಗಳು ಬದಲಾದರು. ಅಭಿಮಾನಿಗಳು ಅವರೇ ಇದ್ದರು.

1981ರ ಕೊನೆಯಲ್ಲಿ ಹಾಸ್ಟೆಲಿನಲ್ಲಿ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಯ ಮೇಲೆ ತಂಡದ ದೊಡ್ಡ ಸ್ಟಾರ್ ಹಲ್ಲೆ ಮಾಡಿದ. ಮರುವರ್ಷ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಆ ಕೇಸಿನ ವಿಚಾರಣೆ ನಡೆಯುವಾಗಲೇ ದುಡ್ಡಿನ ವಿಷಯ ಬಾಯಿಬಿಟ್ಟ: ಕಾಲೇಜಿಗೆ ದೇಣಿಗೆ ಕೊಡುವವರೊಬ್ಬರ ಕಂಪನಿಯಲ್ಲಿ ಹೆಸರಿಗೊಂದು ಕೆಲಸ, ಹೋಗದಿದ್ದರೂ ತಿಂಗಳಿಗೆ 1,000 ಡಾಲರ್. ಈ ಕಥೆ ಹೇಳುವಾಗೆಲ್ಲ ದುಡ್ಡೇ ಮುಂದೆ ಬಂದು ಆ ಹುಡುಗಿ ಹಿಂದೆ ಬೀಳುತ್ತಾಳೆ. ನಾನೂ ಮೊದಲ ಪ್ಯಾರಾದಲ್ಲಿ ಅದನ್ನೇ ಮಾಡಿದೆ. ಆಟಗಾರನನ್ನು ಆ ಬೇಸಿಗೆಯಲ್ಲೇ ವೃತ್ತಿಪರ ಲೀಗ್ ಎನ್‌ಬಿಎಯ ತಂಡವೊಂದು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು.

ಜುಲೈ 29ರಂದು ಕಾಲೇಜಿನ ಅಧ್ಯಕ್ಷರಾಗಿದ್ದ ಪಾದ್ರಿ ಜಾನ್ ಲೋಸ್ಕಿಯಾವೊ ಪತ್ರಕರ್ತರನ್ನು ಕರೆದು ಬ್ಯಾಸ್ಕೆಟ್‌ಬಾಲ್ ತಂಡ ಇನ್ನಿಲ್ಲ ಅಂದರು. ಎನ್‌ಸಿಎಎ ಮುಚ್ಚಿಸಿದ್ದಲ್ಲ ಇದು. ಎರಡು ಸಲ ದೇಶದ ಚಾಂಪಿಯನ್ ಆದ ತಂಡವನ್ನು ಕಾಲೇಜೇ ಕೈಯಾರೆ ಮುಚ್ಚಿತು.  ಗಟ್ಟಿ ಮನುಷ್ಯ ಅಂತ ಹೊಗಳಿದವರಿದ್ದರು, ನೆಗಡಿಗೆ ಮೂಗು ಕೊಯ್ದ ಹಾಗಾಯಿತು ಅಂದವರೂ ಇದ್ದರು. ನನಗಂತೂ ಕಾಡುವುದು ಉಳಿದ ಹುಡುಗರ ಲೆಕ್ಕ. ದುಡ್ಡು ಕೊಟ್ಟವರಲ್ಲ, ತೆಗೆದುಕೊಂಡವರಲ್ಲ, ಸುಮ್ನೆ ಆಡಲು ಬಂದವರು. ಬೇರೆ ಕಾಲೇಜು ಹುಡುಕಿಕೊಂಡು ಹೋಗಬೇಕಾದವರು ಅವರೇ.

ಮೂರು ಸೀಸನ್ ಕಳೆದ ಮೇಲೆ, 1985ರಲ್ಲಿ, ತಂಡ ಮತ್ತೆ ಶುರುವಾಯಿತು. ಇಲ್ಲೇ ಓದಿ ಆಡಿದ್ದ ಜಿಮ್ ಬ್ರೊವೆಲ್ಲಿ ಕೋಚ್. ಎನ್‌ಸಿಎಎ ಟೂರ್ನಿಗೆ ಹೋಗಲು 1998 ಬರಬೇಕಾಯಿತು. ಅದಾದ ಮೇಲೆ 2022. ಮಧ್ಯೆ 24 ವರ್ಷ.

ಅಷ್ಟರಲ್ಲಿ ನಿಯಮಗಳೇ ಕುಸಿಯುತ್ತಿದ್ದವು. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದಾಯಿತು. ಅಭಿಮಾನಿಗಳೇ ಗುಂಪು ಕಟ್ಟಿಕೊಂಡು ಹುಡುಗರಿಗೆ ದುಡ್ಡು ಕೊಡಲು ಶುರುಮಾಡಿದರು, ಈ ಸಲ ರಾಜಾರೋಷವಾಗಿ. ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಬೆಂಚಿನಲ್ಲಿ ಕೂರಬೇಕು ಅನ್ನೋ ನಿಯಮವೂ ಅದೇ ವರ್ಷ ಸಡಿಲವಾಯಿತು. ಕೋಚ್‌ಗಳಿಗೆ ಅಂಥ ನಿಯಮ ಎಂದೂ ಇರಲಿಲ್ಲ. 1950ರಲ್ಲಿ ನ್ಯೂವೆಲ್ ಹೋದಾಗ ಯಾರೂ ತಡೆಯಲಿಲ್ಲ. 2022ರಲ್ಲಿ ತಂಡವನ್ನು ಟೂರ್ನಿಗೆ ಒಯ್ದ ಟಾಡ್ ಗೋಲ್ಡನ್, ಮರ್ರೆ ಸ್ಟೇಟ್ ಎದುರು ಹೆಚ್ಚುವರಿ ಅವಧಿಯಲ್ಲಿ ಸೋತ ಬೆನ್ನಿಗೇ ಫ್ಲೋರಿಡಾ ಯೂನಿವರ್ಸಿಟಿ ಸೇರಿದರು. 2025ರಲ್ಲಿ ಅಲ್ಲಿ ಚಾಂಪಿಯನ್ ಕೋಚ್ ಆದರು.

ಡಾನ್ಸ್ ಈಗಲೂ ಆಡುವುದು 1958ರ ಆ ಜಿಮ್‌ನಲ್ಲೇ. ರಸೆಲ್ ಹಾಕುತ್ತಿದ್ದ 6ನೇ ನಂಬರನ್ನು ಅಲ್ಲಿ ಬೇರೆ ಯಾರಿಗೂ ಕೊಡುವುದಿಲ್ಲ. ಕಾಲೇಜು ಆಟಗಾರನಾಗಿ ಅವರು ಅಲ್ಲಿ ಒಂದೂ ಪಂದ್ಯ ಆಡಿರಲಿಲ್ಲ.