‘ಟ್ರೀಟ್‌ಮೆಂಟ್’ ಬೇರೆ, ‘ಕಮಿಟ್‌ಮೆಂಟ್’ ಬೇರೆ: ನ್ಯೂಜೆರ್ಸಿಯ ಪಿಸ್ತೂಲು ಅರ್ಜಿಯಲ್ಲಿ ಹಳೆಯ ವ್ಯಸನ ಚಿಕಿತ್ಸೆ

ಹತ್ತು ವರ್ಷದ ಹಿಂದೆ ಕುಡಿತ ಬಿಡಲು ರಿಹ್ಯಾಬ್ ಸೇರಿದ್ದವರು ಈಗ ನ್ಯೂಜೆರ್ಸಿಯಲ್ಲಿ ಪಿಸ್ತೂಲು ಕೊಳ್ಳಲು ಅರ್ಜಿ ಹಾಕಿದರೆ ಆ ಸಂಗತಿ ಬರೆಯಬೇಕೇ? ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಯಾವ ಫಾರ್ಮು, ಅದರಲ್ಲಿ ಯಾವ ಪ್ರಶ್ನೆ, ಆಸ್ಪತ್ರೆಗೆ ನಿಮ್ಮನ್ನು ಸೇರಿಸಿದವರು ಯಾರು ಎಂಬ ಮೂರರ ಮೇಲೆ ಉತ್ತರ ನಿಂತಿದೆ.

ನ್ಯೂಜೆರ್ಸಿಯಲ್ಲಿ ಒಂದು ಪಿಸ್ತೂಲು ಕೈಗೆ ಬರುವಷ್ಟರಲ್ಲಿ ಎರಡು ಫಾರ್ಮು ತುಂಬಬೇಕು. ಮೊದಲನೆಯದು ರಾಜ್ಯದ್ದು, ಪಿಸ್ತೂಲು ಕೊಳ್ಳುವ ಪರ್ಮಿಟ್‌ಗಾಗಿ ಹಾಕುವ ಎಸ್‌ಟಿಎಸ್-033. ಇದು ಸ್ಥಳೀಯ ಪೊಲೀಸ್ ಠಾಣೆಗೆ ಹೋಗುತ್ತದೆ. ಅದರ ಜೊತೆಗೆ ಮಾನಸಿಕ ಆರೋಗ್ಯದ ದಾಖಲೆ ಹುಡುಕಲು ಒಪ್ಪಿಗೆ ಕೊಡುವ ಎಸ್‌ಪಿ-066 ಎಂಬ ಕಾಗದಕ್ಕೂ ಸಹಿ ಹಾಕಬೇಕು. ಪರ್ಮಿಟ್ ಸಿಕ್ಕ ಮೇಲೆ ಅಂಗಡಿಯಲ್ಲಿ ತುಂಬುವ ಎರಡನೆಯದು ಫೆಡರಲ್ ಸರ್ಕಾರದ ಫಾರ್ಮ್ 4473. ಎರಡರಲ್ಲೂ ವ್ಯಸನದ ಪ್ರಶ್ನೆ ಇದೆ, ಆದರೆ ಕೇಳುವ ರೀತಿ ಒಂದೇ ಅಲ್ಲ.

ಫೆಡರಲ್ ಫಾರ್ಮಿನ ಪ್ರಶ್ನೆ ವರ್ತಮಾನ ಕಾಲದಲ್ಲಿದೆ: ನೀವು ಕಾನೂನುಬಾಹಿರವಾಗಿ ಮಾದಕ ವಸ್ತು ಬಳಸುತ್ತೀರಾ, ಅಥವಾ ಅದರ ವ್ಯಸನಿಯೇ? ಹಿಂದೆ ಚಿಕಿತ್ಸೆ ಪಡೆದಿದ್ದೀರಾ ಎಂದು ಅದು ಕೇಳುವುದಿಲ್ಲ. ಇದರ ಮೂಲ 1968ರ ಗನ್ ಕಂಟ್ರೋಲ್ ಆಕ್ಟ್. ಇಲ್ಲಿ ಮಾದಕ ವಸ್ತು ಎಂದರೆ ಫೆಡರಲ್ ಪಟ್ಟಿಯಲ್ಲಿರುವ ‘ಕಂಟ್ರೋಲ್ಡ್ ಸಬ್‌ಸ್ಟೆನ್ಸ್’ ಮಾತ್ರ. ಮದ್ಯ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕುಡಿತಕ್ಕೆ ಮಾತ್ರ ಚಿಕಿತ್ಸೆ ಪಡೆದವರಿಗೆ ಈ ಪ್ರಶ್ನೆ ಸಂಬಂಧಿಸಿದ್ದೇ ಅಲ್ಲ. ಓಪಿಯಾಯ್ಡ್ (ಅಫೀಮಿನ ಜಾತಿಯ ಮಾದಕ ವಸ್ತು) ವ್ಯಸನ ಬಿಡಿಸಲು ವೈದ್ಯರು ಬರೆದುಕೊಟ್ಟ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧಿಯನ್ನು ಹೇಳಿದ ಪ್ರಮಾಣದಲ್ಲೇ ತೆಗೆದುಕೊಳ್ಳುವುದು ಕಾನೂನುಬಾಹಿರ ಬಳಕೆಯೂ ಅಲ್ಲ. ಗಾಂಜಾದ ಮಾತು ಬೇರೆ. ನ್ಯೂಜೆರ್ಸಿಯ ಅಂಗಡಿಗಳಲ್ಲಿ ಅದು 2022ರ ಏಪ್ರಿಲ್‌ನಿಂದ ಮುಕ್ತವಾಗಿ ಸಿಗುತ್ತದೆ. ಆದರೂ ರಾಜ್ಯದ ಕಾನೂನು ಏನೇ ಹೇಳಲಿ, ಫೆಡರಲ್ ಕಾನೂನಿನಲ್ಲಿ ಅದು ಇನ್ನೂ ನಿಷಿದ್ಧವೆಂದು 4473ರಲ್ಲೇ ಎಚ್ಚರಿಕೆ ಅಚ್ಚಾಗಿದೆ.

ವರ್ತಮಾನ ಕಾಲದ ಪ್ರಶ್ನೆ ಎಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರ ಮಗ ಹಂಟರ್ ಬೈಡನ್ 2018ರ ಆಗಸ್ಟ್‌ನಲ್ಲಿ ರಿಹ್ಯಾಬ್‌ನಲ್ಲಿದ್ದು, ಅಕ್ಟೋಬರ್ 12ರಂದು ಡೆಲವೇರ್‌ನಲ್ಲಿ ಒಂದು ಕೋಲ್ಟ್ ರಿವಾಲ್ವರ್ ಕೊಂಡರು. ಇದೇ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿದ್ದರು. ಚಿಕಿತ್ಸೆ ಮುಗಿಸಿ ಬಂದವರು ಆ ಹೊತ್ತಿಗೆ ತಮ್ಮನ್ನು ವ್ಯಸನಿ ಎಂದುಕೊಂಡಿರಲಿಲ್ಲ ಎಂಬುದು ವಕೀಲರ ವಾದ. ಜ್ಯೂರಿ ಒಪ್ಪಲಿಲ್ಲ, 2024ರ ಜೂನ್ 11ರಂದು ಮೂರೂ ಆರೋಪಗಳಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. ಅದೇ ವರ್ಷ ಡಿಸೆಂಬರ್ 1ರಂದು ಆಗ ಅಧ್ಯಕ್ಷರಾಗಿದ್ದ ತಂದೆಯೇ ಕ್ಷಮಾದಾನ ಕೊಟ್ಟರು, ಅದು ಎಲ್ಲರಿಗೂ ಸಿಗುವ ಸೌಲಭ್ಯವಲ್ಲ. ಚಿಕಿತ್ಸೆಯಿಂದ ಹೊರಬಂದ ಕೆಲವೇ ವಾರಗಳಲ್ಲಿ ಅರ್ಜಿ ಹಾಕುವವರು ಈ ಪ್ರಕರಣವನ್ನು ನೆನಪಿಡಲಿ. ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರ ಲೆಕ್ಕದಲ್ಲೂ ಲಕ್ಷಣಗಳಿಲ್ಲದ ಮೂರರಿಂದ ಹನ್ನೆರಡು ತಿಂಗಳ ಅವಧಿ ‘ಆರಂಭಿಕ ಚೇತರಿಕೆ’ ಮಾತ್ರ. ಹನ್ನೆರಡು ತಿಂಗಳು ದಾಟಿದ ಮೇಲಷ್ಟೇ ‘ಸ್ಥಿರ ಚೇತರಿಕೆ’.

ಇನ್ನು ಜನ ಹೆಚ್ಚು ಗೊಂದಲಕ್ಕೆ ಬೀಳುವ ಪದ ‘ಕಮಿಟೆಡ್’. ಮಾನಸಿಕ ಆಸ್ಪತ್ರೆಗೆ ಎಂದಾದರೂ ‘ಕಮಿಟ್’ ಆಗಿದ್ದೀರಾ ಎಂದು 4473 ಕೇಳುತ್ತದೆ. ಆಸ್ಪತ್ರೆಗೆ ಸೇರಿದ್ದು ಎಂದು ಇದನ್ನು ಓದಿಕೊಂಡವರು ಸುಮ್ಮನೆ ‘ಹೌದು’ ಬರೆದು ತಾವೇ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಫೆಡರಲ್ ನಿಯಮದಲ್ಲಿ ಇದಕ್ಕೆ ಖಚಿತ ಅರ್ಥವಿದೆ: ನ್ಯಾಯಾಲಯ, ಮಂಡಳಿ ಅಥವಾ ಕಾನೂನಿನ ಅಧಿಕಾರವಿರುವ ಬೇರೊಬ್ಬರು ವಿಧಿವತ್ತಾಗಿ ಒಳಗೆ ಹಾಕಿಸಿರಬೇಕು. ಕಾರಣ ಮಾನಸಿಕ ಕಾಯಿಲೆಯೇ ಆಗಿರಬೇಕೆಂದಿಲ್ಲ, ಮಾದಕ ವಸ್ತುವಿನ ಬಳಕೆಗಾಗಿ ಹಾಕಿಸಿದ್ದರೂ ಲೆಕ್ಕಕ್ಕೆ ಬರುತ್ತದೆ. ತಾವಾಗಿ ಹೋಗಿ ಸೇರಿದ್ದು, ಬರೀ ನಿಗಾದಲ್ಲಿ ಇರಿಸಿಕೊಂಡದ್ದು, ಇವೆರಡೂ ಕಮಿಟ್‌ಮೆಂಟ್ ಅಲ್ಲ. ಹೆಂಡತಿ, ಅಣ್ಣ ಒತ್ತಾಯ ಮಾಡಿ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರೂ ದಾಖಲಾತಿ ಕಾಗದಕ್ಕೆ ಸಹಿ ಹಾಕಿದ್ದು ನೀವೇ ಆದರೆ ಅದು ಸ್ವಇಚ್ಛೆಯ ದಾಖಲು.

ರಾಜ್ಯದ ಫಾರ್ಮು ಬೀಸುವ ಬಲೆ ಇದಕ್ಕಿಂತ ಅಗಲ. ಮಾನಸಿಕ ಅಥವಾ ಮನೋವೈದ್ಯಕೀಯ ಸಮಸ್ಯೆಗೆ ಚಿಕಿತ್ಸೆಗಾಗಲಿ, ನಿಗಾಕ್ಕಾಗಲಿ, ತಾತ್ಕಾಲಿಕವಾಗಿಯಾದರೂ ಆಸ್ಪತ್ರೆಯಲ್ಲಿ ಇದ್ದಿರಾ ಎಂದು ಒಂದು ಪ್ರಶ್ನೆ. ಒಳರೋಗಿಯಾಗಿ ಅಥವಾ ಹೊರರೋಗಿಯಾಗಿ ಎಂದಾದರೂ ವೈದ್ಯರು ನೋಡಿದ್ದಾರೆಯೇ ಎಂದು ಇನ್ನೊಂದು. ಮದ್ಯದ, ಮಾದಕ ವಸ್ತುವಿನ ಅವಲಂಬನೆ ಈಗ ಇದೆಯೇ ಎಂದು ಬೇರೆಯಾಗಿಯೇ ಕೇಳುತ್ತದೆ. ಹೀಗಾಗಿ ಎಮರ್ಜೆನ್ಸಿಯಲ್ಲಿ ಎರಡು ರಾತ್ರಿ ನಿಗಾದಲ್ಲಿದ್ದವರು ರಾಜ್ಯದ ಫಾರ್ಮಿನಲ್ಲಿ ‘ಹೌದು’, ಫೆಡರಲ್ ಫಾರ್ಮಿನಲ್ಲಿ ‘ಇಲ್ಲ’ ಎಂದು ಬರೆಯಬೇಕಾಗಬಹುದು. ಎರಡೂ ಸತ್ಯವೇ. ಒಂದರಲ್ಲಿ ಬರೆದದ್ದನ್ನು ಕಣ್ಣುಮುಚ್ಚಿ ಇನ್ನೊಂದಕ್ಕೆ ಇಳಿಸಬೇಡಿ.

ಬರೀ ಡಿ-ಅಡಿಕ್ಷನ್‌ಗೆ ಹೋಗಿದ್ದವರು ‘ಮಾನಸಿಕ ಸಮಸ್ಯೆ’ಯ ಪ್ರಶ್ನೆಗೆ ಏನು ಬರೆಯಬೇಕು? ಇದು ನಿಜಕ್ಕೂ ಬೂದು ಜಾಗ. ವ್ಯಸನವನ್ನು ಡಿಎಸ್‌ಎಂ-5 ಮನೋವೈದ್ಯಕೀಯ ಕಾಯಿಲೆಗಳ ಜೊತೆಯಲ್ಲೇ ಇಡುತ್ತದೆ. ಡಿಸ್‌ಚಾರ್ಜ್ ಸಮರಿ ತೆಗೆದು ಡಯಾಗ್ನೋಸಿಸ್ ಸಾಲು ನೋಡಿ: ಎಫ್10.20 ಎಂದಿದ್ದರೆ ಮದ್ಯದ ಅವಲಂಬನೆ, ಎಫ್11.20 ಎಂದಿದ್ದರೆ ಓಪಿಯಾಯ್ಡ್ ಅವಲಂಬನೆ. ಇವು ಐಸಿಡಿ-10 ಎಂಬ ಕಾಯಿಲೆಗಳ ಪಟ್ಟಿಯ ಕೋಡ್‌ಗಳು, ಅದರಲ್ಲಿ ‘ಎಫ್’ ಅಕ್ಷರದ ಅಧ್ಯಾಯವೇ ಮಾನಸಿಕ ಮತ್ತು ವರ್ತನೆಯ ಕಾಯಿಲೆಗಳದ್ದು. ಹೀಗಿರುವಾಗ ‘ಹೌದು’ ಎಂದು ಬರೆದು ವಿವರಣೆ ಲಗತ್ತಿಸುವುದೇ ಸುರಕ್ಷಿತ ಎಂಬುದು ನಮ್ಮ ಅಭಿಪ್ರಾಯ. ಅದೇ ಡಿಸ್‌ಚಾರ್ಜ್ ಸಮರಿಯಲ್ಲಿ ದಾಖಲಾತಿ ಸ್ವಇಚ್ಛೆಯದೋ ಅಲ್ಲವೋ ಎಂದೂ ಸಾಮಾನ್ಯವಾಗಿ ನಮೂದಾಗಿರುತ್ತದೆ. ಮುಂದಿನದೆಲ್ಲ ಆ ಒಂದು ಪದದ ಮೇಲೆ ನಿಂತಿದೆ.

ವ್ಯಸನದ ಜೊತೆ ಖಿನ್ನತೆಯೋ ಬೈಪೋಲಾರೋ ಇದ್ದು ಮನೋವೈದ್ಯಕೀಯ ವಾರ್ಡಿನಲ್ಲಿದ್ದವರು ಇನ್ನೂ ಜಾಗರೂಕರಾಗಬೇಕು. 2022ರ ಡಿಸೆಂಬರ್ 22ರಂದು ಸಹಿಯಾದ ನ್ಯೂಜೆರ್ಸಿ ಕಾನೂನಿನ ಪ್ರಕಾರ, ರಾಜ್ಯದ ಮಾನಸಿಕ ಆರೋಗ್ಯ ಕಾಯ್ದೆಯಡಿ ಸ್ವಇಚ್ಛೆಯಿಂದ ಒಳರೋಗಿಯಾಗಿದ್ದರೂ ಅಡ್ಡಿಯೇ. ನ್ಯಾಯಾಲಯ ಆ ದಾಖಲೆಯನ್ನು ಅಳಿಸುವವರೆಗೆ ಪರ್ಮಿಟ್ ಇಲ್ಲ. ಈ ಅಳಿಸುವಿಕೆಗೆ ‘ಎಕ್ಸ್‌ಪಂಜ್‌ಮೆಂಟ್’ ಎನ್ನುತ್ತಾರೆ. ಅಂಥ ದಾಖಲೆ ಇದೆಯೇ ಎಂದು ಪೊಲೀಸರು ವಿಚಾರಿಸುವುದು ಮಾನಸಿಕ ಆಸ್ಪತ್ರೆಯ ದಾಖಲಾತಿಗಳ ಕಡತ ಇಡುವ ಕೌಂಟಿ (ಜಿಲ್ಲೆಯಂಥ ಆಡಳಿತ ವಿಭಾಗ) ಅಡ್ಜಸ್ಟರ್ ಕಚೇರಿಯಲ್ಲಿ. ಇದ್ದರೆ ಮೊದಲು ಎಕ್ಸ್‌ಪಂಜ್‌ಮೆಂಟ್, ಆಮೇಲೆ ಪಿಸ್ತೂಲಿನ ಅರ್ಜಿ.

ಬೆಂಗಳೂರಿನಲ್ಲಿ ಪಡೆದ ಚಿಕಿತ್ಸೆಯನ್ನು ಬರೆಯಬೇಕೇ ಎಂದು ಕೇಳುವವರಿದ್ದಾರೆ. ‘ಎಂದಾದರೂ’ ಎನ್ನುವ ಪ್ರಶ್ನೆಗೆ ದೇಶದ ಗಡಿ ಇಲ್ಲ. ನಿಮ್ಹಾನ್ಸ್‌ನಲ್ಲಿ ಸೇರಿದ್ದರೂ ಅದು ಚಿಕಿತ್ಸೆಯೇ. ಭಾರತದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಂತೂ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. 86ನೇ ಸೆಕ್ಷನ್ ಅಡಿಯ ‘ಇಂಡಿಪೆಂಡೆಂಟ್’ ದಾಖಲಾದರೆ ಸ್ವಇಚ್ಛೆಯದು. 89ನೇ ಸೆಕ್ಷನ್ ಆದರೆ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ ಆದದ್ದು. ಅಂಥವರು ಫಾರ್ಮು ಮುಟ್ಟುವ ಮುಂಚೆ ನ್ಯೂಜೆರ್ಸಿಯ ವಕೀಲರನ್ನು ಕಾಣಬೇಕು. ದಾಖಲೆ ಪಡೆಯುವ ಹಕ್ಕನ್ನು ಅದೇ ಕಾಯ್ದೆಯ 25ನೇ ಸೆಕ್ಷನ್ ಕೊಡುತ್ತದೆ. ಅಂದಹಾಗೆ, ಎಚ್-1ಬಿಯಲ್ಲಿರುವವರಿಗೆ ಈ ಲೆಕ್ಕಾಚಾರಕ್ಕಿಂತ ಮೊದಲೇ ಇನ್ನೊಂದು ಗೋಡೆ ಇದೆ: ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತಡೆ ಇಲ್ಲ.

ಕುಡಿತದ ಅವಲಂಬನೆಯ ಇತಿಹಾಸವಿದ್ದರೆ ಅದೊಂದರಿಂದಲೇ ನ್ಯೂಜೆರ್ಸಿಯಲ್ಲಿ ಅರ್ಜಿ ಬಿದ್ದುಹೋಗುವುದಿಲ್ಲ. ಬಂದೂಕು ಬಳಸಲು ತೊಡಕಾಗುವ ರೀತಿಯಲ್ಲಿ ಆ ಕಾಯಿಲೆ ಈಗ ಉಳಿದಿಲ್ಲ ಎಂದು ರಾಜ್ಯದ ಪರವಾನಗಿ ಇರುವ ವೈದ್ಯರ ಸರ್ಟಿಫಿಕೇಟ್ ಕೊಡಬಹುದು. ಎಡವಟ್ಟಾಗುವುದು ಈ ಸರ್ಟಿಫಿಕೇಟಿನಲ್ಲೇ. ‘ಇವರು ಆರೋಗ್ಯವಾಗಿದ್ದಾರೆ’ ಎಂಬ ಎರಡು ಸಾಲಿನ ಪತ್ರ ಕೆಲಸಕ್ಕೆ ಬಾರದು, ಏಕೆಂದರೆ ಕಾನೂನು ಕೇಳುವುದು ಬಂದೂಕು ಬಳಕೆಯ ಬಗ್ಗೆ. ವೈದ್ಯರ ಲೈಸೆನ್ಸ್ ಸಂಖ್ಯೆ, ಪರೀಕ್ಷಿಸಿದ ದಿನಾಂಕ, ಹಳೆಯ ಡಿಸ್‌ಚಾರ್ಜ್ ಸಮರಿ ಓದಿದ್ದೇನೆ ಎಂಬ ಮಾತು, ಎಂದಿನಿಂದ ಕುಡಿತ ಬಿಟ್ಟಿದ್ದಾರೆ, ಈಗಿನ ಡಯಾಗ್ನೋಸಿಸ್, ಈಗಿನ ಔಷಧಿ, ಕೊನೆಗೆ ಬಂದೂಕಿನ ಬಗೆಗಿನ ಆ ಒಂದು ವಾಕ್ಯ ಸ್ಪಷ್ಟವಾಗಿ ಇರಲಿ. ಚೇತರಿಸಿಕೊಂಡವರ ಕೋಡ್ ಎಫ್10.21. ಹಳೆಯ ಬಿಲ್ಲುಗಳಿಂದ ನಕಲಾಗಿ ಎಫ್10.20 ಉಳಿದಿದ್ದರೆ ಕಾಯಿಲೆ ಈಗಲೂ ಇದೆ ಎಂದೇ ಅರ್ಥವಾಗುತ್ತದೆ. ವೈದ್ಯರಿಗೆ ಹೇಳಿ ಸರಿಪಡಿಸಿಕೊಳ್ಳಿ.

ನೀವು ಲಗತ್ತಿಸುವ ವಿವರಣೆ ಅರ್ಧ ಪುಟ ಮೀರಬೇಕಿಲ್ಲ: ಯಾವ ಆಸ್ಪತ್ರೆ, ಯಾವ ದಿನಾಂಕದಿಂದ ಯಾವ ದಿನಾಂಕ, ಯಾತಕ್ಕೆ, ಸ್ವಇಚ್ಛೆಯೇ ಅಲ್ಲವೇ, ಮುಗಿಸಿದಿರೋ ಇಲ್ಲವೋ, ಅಂದಿನಿಂದ ಏನು. ಕಷ್ಟಸುಖ, ಪಶ್ಚಾತ್ತಾಪ ಬೇಡ. ದಿನಾಂಕಗಳು ಸಮರಿಯೊಂದಿಗೆ ಕೂಡಿಬರಬೇಕು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ ಕೇಸು ಇದ್ದರೆ ಅದನ್ನೂ ಇಲ್ಲೇ ಹೇಳಿಬಿಡಿ. ಡ್ರೈವಿಂಗ್ ದಾಖಲೆಯಲ್ಲಿ ಅದು ಪೊಲೀಸರ ಕಣ್ಣಿಗೆ ಬೀಳುವಂಥದ್ದು.

ಮುಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬರುವುದು ಸಹಜ. ವ್ಯಸನ ಚಿಕಿತ್ಸೆಯ ದಾಖಲೆಗೆ ‘42 ಸಿಎಫ್ಆರ್ ಪಾರ್ಟ್ 2’ ಎಂಬ ಫೆಡರಲ್ ನಿಯಮದ ರಕ್ಷಣೆ ಇದೆ, ಸಾಮಾನ್ಯವಾಗಿ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ರಿಹ್ಯಾಬ್ ಪೊಲೀಸರಿಗೆ ಬಾಯಿ ಬಿಡುವುದಿಲ್ಲ. ಆದರೆ ಅರ್ಜಿಯಲ್ಲಿ ಹೆಸರು ಕೊಟ್ಟ ಪರಿಚಯಸ್ಥರನ್ನು ಪೊಲೀಸರು ವಿಚಾರಿಸುತ್ತಾರೆ. ನ್ಯಾಯಾಲಯದ ಕಡತಕ್ಕೆ ಆ ರಕ್ಷಣೆಯೂ ಇಲ್ಲ. ಗೊತ್ತಿದ್ದೂ ಸುಳ್ಳು ಬರೆಯುವುದೇ ಪರ್ಮಿಟ್ ನಿರಾಕರಿಸಲು ಪ್ರತ್ಯೇಕ ಕಾರಣ. ಸಾಲದ್ದಕ್ಕೆ ಅದು ಮೂರನೇ ದರ್ಜೆಯ ಅಪರಾಧ, ಮೂರರಿಂದ ಐದು ವರ್ಷ ಜೈಲು. 4473ರಲ್ಲಿ ಸುಳ್ಳು ಬರೆದರೆ ಫೆಡರಲ್ ಕಾನೂನಿನಲ್ಲಿ ಹತ್ತು ವರ್ಷದವರೆಗೂ ಹೋಗಬಹುದು. ಗ್ರೀನ್ ಕಾರ್ಡಿನವರಿಗೆ ಇಂಥ ಶಿಕ್ಷೆ ಪೌರತ್ವದ ದಾರಿಗೂ ಮುಳ್ಳು.

ಎಲ್ಲ ಸರಿಯಾಗಿ ಬರೆದ ಮೇಲೂ ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ನಿಮ್ಮ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ವಿಚಾರಣೆ ಕೋರಲು ಇರುವುದು 30 ದಿನ. ಆ ಅರ್ಜಿಯ ಪ್ರತಿಯನ್ನು ತಿರಸ್ಕರಿಸಿದ ಠಾಣೆಗೂ ಕೊಡಬೇಕು. ವೈದ್ಯರ ಸರ್ಟಿಫಿಕೇಟ್ ದುರ್ಬಲವಾಗಿದ್ದೇ ಕಾರಣವಾಗಿದ್ದರೆ ಆ 30 ದಿನದೊಳಗೇ ಹೊಸದನ್ನು ಮಾಡಿಸಿಕೊಳ್ಳಿ.