ನೀರಿಗೆ ಬಂದವರು ಚಹಾಕ್ಕೆ ಕೂತರು

ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ, ಬಿಸಿನೀರ ಬುಗ್ಗೆಯ ನೀರು ಕುಡಿಯಲೆಂದು ಕಟ್ಟಿದ ಪಂಪ್ ರೂಮ್ ಕಟ್ಟಡದ ನೆತ್ತಿಯಲ್ಲಿ ಗ್ರೀಕ್ ಭಾಷೆಯ ಒಂದು ಸಾಲು ಕೆತ್ತಿದ್ದಾರೆ. ಪಿಂಡಾರ್ ಎಂಬ ಪ್ರಾಚೀನ ಕವಿಯದು. ಎಲ್ಲಕ್ಕಿಂತ ಮಿಗಿಲು ನೀರು ಎಂದು ಅದರ ಅರ್ಥ. ಆ ಸಾಲಿನ ಕೆಳಗೆ ಸರದಿ ನಿಂತವರು ಬಂದಿರುವುದು ಮಾತ್ರ ಚಹಾಕ್ಕೆ. ಒಳಗೆ ಎತ್ತರದ ಕಂಬಗಳು, ಗಾಜಿನ ತೂಗುದೀಪ, ಪಿಯಾನೊ, ಪಿಟೀಲು. ಮೇಜಿನ ಮೇಲೆ ಮೂರಂತಸ್ತಿನ ತಟ್ಟೆ: ಬೆರಳುದ್ದದ ಸ್ಯಾಂಡ್‌ವಿಚ್, ಸ್ಕೋನ್ ಎಂಬ ಪುಟ್ಟ ಬನ್ನು, ಜಾಮ್, ಗಟ್ಟಿ ಕೆನೆ, ಪುಟ್ಟ ಕೇಕುಗಳು. ಪಕ್ಕದಲ್ಲೇ ಬುಗ್ಗೆಯ ನೀರು ಸುರಿಯುವ ಕಾರಂಜಿಯೂ ಇದೆ. ಬೆಚ್ಚಗಿನ, ಲೋಹದ ರುಚಿಯ ನೀರು ಅದು. ಒಂದು ಗುಟುಕಿಗೇ ಮುಖ ಹಿಂಡಿ, ಬಾಯಿ ಸರಿಮಾಡಿಕೊಳ್ಳಲು ಸ್ಕೋನಿಗೆ ಕೈಹಾಕುವವರೇ ಜಾಸ್ತಿ.

ಹೀಗೆ ಕೂತಾಗ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಕಾಲಕ್ಕೇ ಹೋದಂತೆ ಅನ್ನಿಸುತ್ತದೆ. ಆಕೆ 1801ರಿಂದ 1806ರವರೆಗೆ ಇದೇ ಊರಲ್ಲಿದ್ದವಳು. ಆದರೆ ಇಂಥ ಮಧ್ಯಾಹ್ನದ ಚಹಾಕ್ಕೆ ಆಕೆ ಎಂದೂ ಕೂತಿರಲಿಕ್ಕಿಲ್ಲ. ಆಕೆ ತೀರಿಕೊಂಡದ್ದು 1817ರಲ್ಲಿ. 'ಆಫ್ಟರ್‌ನೂನ್ ಟೀ' ರೂಢಿಗೆ ಬಂದದ್ದು ಆಮೇಲೆ ಎರಡು ದಶಕ ಕಳೆದು.

ಊರು ಹುಟ್ಟಿದ್ದೇ ನೀರಿನಿಂದ. (ಹೆಸರು ನೋಡಿ ಬಿಸಿಬೇಳೆಬಾತ್ ನೆನಪಾದರೆ ತಪ್ಪಿಲ್ಲ, ಎರಡಕ್ಕೂ ಇರುವ ನಂಟು ಬಿಸಿ ಮಾತ್ರ.) ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದಿನಕ್ಕೆ 10 ಲಕ್ಷ ಲೀಟರಿಗೂ ಮೀರಿ ಇಲ್ಲಿ ನೆಲದಿಂದ ಉಕ್ಕುತ್ತದೆ. ಸ್ಥಳೀಯರ ಸೂಲಿಸ್ ದೇವಿಯನ್ನು ತಮ್ಮ ಮಿನರ್ವಾಳ ಜೊತೆ ಸೇರಿಸಿ ರೋಮನ್ನರು ಇಲ್ಲಿ ಗುಡಿ ಕಟ್ಟಿದರು, ಸ್ನಾನದ ಕೊಳ ಕಟ್ಟಿದರು. ಶತಮಾನಗಳ ಮೇಲೆ ಅದೇ ನೀರು ಔಷಧಿಯಾಯಿತು. ರಾಣಿ ಆನ್ 1702ರಲ್ಲೂ 1703ರಲ್ಲೂ ಬಂದುಹೋದ ಮೇಲಂತೂ ಸಿರಿವಂತರ ಸಾರೋಟುಗಳು ಇತ್ತಲೇ ತಿರುಗಿದವು. 1705ರಲ್ಲಿ ಬಂದ ಜೂಜುಗಾರ ರಿಚರ್ಡ್ ನ್ಯಾಶ್ ಊರಿನ ವಿನೋದಗಳ ಯಜಮಾನನಾಗಿ ಕೂತ. ಗಂಡಸರು ಕತ್ತಿ ಕಟ್ಟಿಕೊಂಡು ಓಡಾಡಬಾರದು, ನೃತ್ಯ ರಾತ್ರಿ 11ಕ್ಕೆ ನಿಲ್ಲಬೇಕು ಎಂದೆಲ್ಲ ಕಟ್ಟುಪಾಡು ಹಾಕಿದ. 'ಬೋ' (ಶೋಕಿಲಾಲ) ನ್ಯಾಶ್ ಎಂದೇ ಹೆಸರಾದ ಅವನ ಪ್ರತಿಮೆ ಇಂದಿಗೂ ಪಂಪ್ ರೂಮಿನಲ್ಲಿದೆ.

ಆಗಿನ ದಿನಚರಿ ನೋಡಿದರೆ ಚಹಾದ ಜಾಗ ಎಲ್ಲಿತ್ತೆಂದು ತಿಳಿಯುತ್ತದೆ. ಬೆಳಗ್ಗೆ ಬೇಗ ಸ್ನಾನ, ಆಮೇಲೆ ಪಂಪ್ ರೂಮಿನಲ್ಲಿ ವಾದ್ಯ ಕೇಳುತ್ತ, ಊರ ಸುದ್ದಿ ಹಂಚಿಕೊಳ್ಳುತ್ತ ವೈದ್ಯರು ಹೇಳಿದಷ್ಟು ಲೋಟ ನೀರು, ನಂತರ ತಿಂಡಿ, ಚರ್ಚು, ತಿರುಗಾಟ. ಮಧ್ಯಾಹ್ನ ಮೂರರ ಸುಮಾರಿಗೆ ದಿನದ ದೊಡ್ಡ ಊಟ. ಚಹಾ ಬರುತ್ತಿದ್ದದ್ದು ಆ ಊಟ ಅರಗಿದ ಮೇಲೆ, ಸಂಜೆ, ಇಸ್ಪೀಟು ಮತ್ತು ನೃತ್ಯದ ನಡುವೆ. 1771ರಲ್ಲಿ ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ಕಟ್ಟಿದ ಅಸೆಂಬ್ಲಿ ರೂಮ್ಸ್ ಎಂಬ ನೃತ್ಯಕೂಟಗಳ ಭವನದಲ್ಲಿ ಅದಕ್ಕೆಂದೇ ಒಂದು ಟೀ ರೂಮ್ ಇತ್ತು. ಈಗ ನಾವು ನೋಡುವ ಪಂಪ್ ರೂಮ್ ಅದಕ್ಕಿಂತ ಈಚಿನದು. 1789ರಲ್ಲಿ ಥಾಮಸ್ ಬಾಲ್ಡ್ವಿನ್ ಶುರುಮಾಡಿದ ಕೆಲಸವನ್ನು ಜಾನ್ ಪಾಮರ್ 1799ರಲ್ಲಿ ಮುಗಿಸಿದ.

ಚಹಾ ಅಷ್ಟು ಸಲೀಸಾಗಿ ಸಿಗುವ ವಸ್ತುವೂ ಆಗಿರಲಿಲ್ಲ. ಚೀನಾದಿಂದ ಬರುತ್ತಿದ್ದ ಎಲೆಯ ಮೇಲೆ 1784ರವರೆಗೆ ಶೇ. 119ರಷ್ಟು ತೆರಿಗೆ, ಕಳ್ಳಸಾಗಣೆಗೆ ಅದೇ ಸುಗ್ಗಿ. ಆ ವರ್ಷ ಸರ್ಕಾರ ತೆರಿಗೆಯನ್ನು ಒಮ್ಮೆಲೇ ಶೇ. 12.5ಕ್ಕೆ ಇಳಿಸಿತು. ಕಳ್ಳಸಾಗಣೆಗಾರರ ಕಸುಬು ಕುಸಿಯಿತು, ಬಡವರ ಮನೆಯಲ್ಲೂ ಕೆಟಲ್ ಒಲೆ ಏರಿತು.

ಚಹಾಕ್ಕೆ ಬೀಳುತ್ತಿದ್ದ ಸಕ್ಕರೆಯ ಕತೆ ಇನ್ನೊಂದು. ಕೆರಿಬಿಯನ್ ದ್ವೀಪಗಳಲ್ಲಿ ಆಫ್ರಿಕಾದ ಗುಲಾಮರು ಬೆಳೆದ ಕಬ್ಬಿನದು ಅದು. ಅದನ್ನು ತಿನ್ನುವುದಿಲ್ಲವೆಂದು 1791ರ ನಂತರ ಬ್ರಿಟನ್ನಿನ ಸಾವಿರಾರು ಮನೆಗಳು ಸಕ್ಕರೆ ಡಬ್ಬಿ ಎತ್ತಿಟ್ಟವು. ಬಾತ್ ಊರಿನ ಲ್ಯಾನ್ಸ್‌ಡೌನ್ ಗುಡ್ಡದ ಮೇಲಿನ ಬೆಕ್‌ಫರ್ಡ್ ಗೋಪುರ 1827ರದು. ಕಟ್ಟಿಸಿದ ವಿಲಿಯಂ ಬೆಕ್‌ಫರ್ಡ್‌ಗೆ ಆಸ್ತಿ ಬಂದದ್ದು ಜಮೈಕಾದ ಕಬ್ಬಿನ ತೋಟಗಳಿಂದ. ಊರಿನ ಜೇನುಬಣ್ಣದ ಕಲ್ಲು ಎಷ್ಟು ಚೆಂದವೆಂದು ವರ್ಣಿಸುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹಾಗಾದರೆ ಚಹಾ ಮಧ್ಯಾಹ್ನಕ್ಕೆ ಸರಿದದ್ದು ಹೇಗೆ? ಸರಿದದ್ದು ಚಹಾ ಅಲ್ಲ, ಊಟ. ದೀಪಗಳು ಸುಧಾರಿಸಿದ ಹಾಗೆ ಸಿರಿವಂತರ ದೊಡ್ಡ ಊಟ ಮೂರರಿಂದ ಐದಕ್ಕೆ, ಐದರಿಂದ ಏಳೆಂಟಕ್ಕೆ ಹೋಯಿತು. ನಡುವೆ ಹೊಟ್ಟೆ ಚುರುಗುಟ್ಟುವ ಹೊತ್ತೊಂದು ಹುಟ್ಟಿಕೊಂಡಿತು. ಬೆಡ್‌ಫರ್ಡ್‌ನ ಏಳನೇ ಡಚೆಸ್ (ಡ್ಯೂಕನ ಹೆಂಡತಿ) ಆನಾ ಆ ಹೊತ್ತಿನಲ್ಲಿ ಕೋಣೆಗೆ ಚಹಾ, ಬೆಣ್ಣೆ ಹಚ್ಚಿದ ಬ್ರೆಡ್ಡು ತರಿಸಿಕೊಂಡು ಗೆಳತಿಯರನ್ನೂ ಕರೆಯತೊಡಗಿದಳು ಎಂದು ಪ್ರತೀತಿ. ಕಾಲ 1840ರ ಆಸುಪಾಸು. ಆಕೆ ವಿಕ್ಟೋರಿಯಾ ರಾಣಿಯ ಅರಮನೆಯ ಸಖಿಯರಲ್ಲಿ ಒಬ್ಬಳು, ಹಾಗಾಗಿ ಪದ್ಧತಿ ಬೇಗ ಹಬ್ಬಿತು. ಒಬ್ಬಳೇ ಕಂಡುಹಿಡಿದಳು ಎಂಬುದನ್ನು ನಾನು ನಂಬುವುದಿಲ್ಲ. ಹಸಿವಿಗೆ ಡಚೆಸ್ ಬೇಕಾಗಿರಲಿಲ್ಲ. ಅಸ್ಸಾಮಿನ ಚಹಾದ ಮೊದಲ ಎಂಟು ಪೆಟ್ಟಿಗೆಗಳು ಲಂಡನ್ನಿನಲ್ಲಿ ಹರಾಜಾದದ್ದೂ ಅದೇ ಹೊತ್ತಿಗೆ, 1839ರ ಜನವರಿಯಲ್ಲಿ.

ನಮ್ಮಲ್ಲಿ ಈ ಮಧ್ಯಾಹ್ನದ ಚಹಾದ ಹೆಸರು ಅದಲುಬದಲಾಗಿದೆ. ಬೆಂಗಳೂರಿನ ಆಮಂತ್ರಣ ಪತ್ರಿಕೆಗಳಲ್ಲಿ 'ಹೈ ಟೀ' ಎಂದು ಠೀವಿಯಿಂದ ಅಚ್ಚಾಗುವುದು ಇಂಗ್ಲೆಂಡಿನಲ್ಲಿ ದುಡಿಯುವವರ ಸಂಜೆಯೂಟದ ಹೆಸರು. ಗಿರಣಿಯಿಂದ ಬಂದವರು ಮಾಂಸ, ಬ್ರೆಡ್ಡು, ಚಹಾ ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತಿದ್ದರು. ಮೂರಂತಸ್ತಿನ ತಟ್ಟೆಯದು ಬರೀ ಆಫ್ಟರ್‌ನೂನ್ ಟೀ.

ಈ ಪದ್ಧತಿ ಬೇರೂರುವ ಹೊತ್ತಿಗೆ ಬಾತ್‌ನ ಶೋಕಿಯ ಕಾಲ ಮುಗಿದಿತ್ತು. ಸಿರಿವಂತರು ಆಗಲೇ ಬ್ರೈಟನ್ನಿನಂಥ ಕಡಲೂರುಗಳ ಕಡೆ ಮುಖ ಮಾಡಿದ್ದರು. ಉಳಿದ ನೀರಿಗೂ ಕೊನೆಗೆ ಪೆಟ್ಟು ಬಿತ್ತು. 1978ರಲ್ಲಿ ಇಲ್ಲಿನ ಬಿಸಿನೀರಿನ ಕೊಳದಲ್ಲಿ ಈಜಿದ ಹುಡುಗಿಯೊಬ್ಬಳು ಮಿದುಳಿಗೆ ಹೊಕ್ಕ ಅಮೀಬಾದಿಂದ ಸತ್ತಳು, ಸ್ನಾನ ನಿಂತುಹೋಯಿತು. ಆಮೇಲೆ ಆಳಕ್ಕೆ ಕೊಳವೆ ಕೊರೆದು ಶುದ್ಧ ನೀರು ತಂದರು. ಬುಗ್ಗೆಯ ನೀರಿನಲ್ಲಿ ಜನ ಮತ್ತೆ ಮೀಯಲು 2006ರಲ್ಲಿ ಹೊಸ ಸ್ನಾನಗೃಹ ತೆರೆಯುವವರೆಗೆ ಕಾಯಬೇಕಾಯಿತು. ರೋಮನ್ನರ ದೊಡ್ಡ ಕೊಳ ಇಂದಿಗೂ ನೋಡುವುದಕ್ಕಷ್ಟೇ; ಹಸಿರು ನೀರಿಗೆ ಕೈ ಅದ್ದಬೇಡಿ ಎಂದು ಎಚ್ಚರಿಸುತ್ತಾರೆ. ಅದನ್ನು ನೋಡಿ ಮೆಟ್ಟಿಲು ಹತ್ತಿ ಬಂದವರಿಗೆ ಪಂಪ್ ರೂಮಿನಲ್ಲಿ ಮೊದಲು ಕೇಳುವುದು ಚಹಾ ಬಟ್ಟಲಿನ ಸದ್ದು.